ಕ್ಯಾಂಪರ್ ವ್ಯಾನ್, ಎಳೆಯ ಮಕ್ಕಳು ಮತ್ತು ಮುಚ್ಚಿದ ಕಿಟಕಿ

ಕ್ರಿಸ್‌ಮಸ್ ರಜೆ ಹತ್ತಿರ ಬಂತೆಂದರೆ ಡಾಕ್ಟರಾದ ನನ್ನ ಮೇಜಿನ ಮೇಲೆ, ಒಳಗೇ ಮಲಗಿ ಊರೂರು ಸುತ್ತುವ ಕ್ಯಾಂಪರ್ ವ್ಯಾನಿನ ಪತ್ರಗಳು ಬೀಳತೊಡಗುತ್ತವೆ. ಕಳೆದ ವರ್ಷವೂ ಇವೇ ಪ್ರಶ್ನೆಗಳು, ಅದರ ಹಿಂದಿನ ವರ್ಷವೂ ಇವೇ. ಎಷ್ಟು ಸ್ವೆಟರ್ ಬೇಕು, ಹಾಲನ್ನು ಎಷ್ಟು ಸಲ ಕಾಯಿಸಬೇಕು ಎಂಬುದನ್ನು ಮಕ್ಕಳನ್ನು ಹೆತ್ತವರಿಗೆ ನಾನು ಹೇಳಿಕೊಡಬೇಕಿಲ್ಲ. ಕೇಳಬೇಕಾದದ್ದನ್ನು ಮಾತ್ರ ಯಾರೂ ಕೇಳುತ್ತಿಲ್ಲ. ಹಾಗಾಗಿ ಈ ಸಲ ಮೊದಲ ಪತ್ರಕ್ಕೇ ಹೆಚ್ಚು ಜಾಗ.

ಎರಡು ಮತ್ತು ಐದು ವರ್ಷದ ಮಕ್ಕಳೊಂದಿಗೆ ಮೈಸೂರಿನಿಂದ ವಯನಾಡಿಗೆ ವ್ಯಾನಿನಲ್ಲಿ ಹೊರಟಿದ್ದೇವೆ. ರಾತ್ರಿ ಅದರಲ್ಲೇ ಮಲಗುತ್ತೇವೆ. ಕಿಟಕಿಗಳನ್ನು ಮುಚ್ಚಿ ಬೆಳಗಿನವರೆಗೆ ಎಸಿ ಹಾಕಿದರೆ ಚಿಕ್ಕವನಿಗೆ ಶೀತವಾಗುತ್ತದೆಯೆ?

ಆಗುವುದಿಲ್ಲ. ಶೀತ ಬರುವುದು ವೈರಸ್‌ನಿಂದ. ಈ ಮಾತನ್ನು ಇಪ್ಪತ್ತಾರು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ, ಅಜ್ಜಿಯರು ಒಪ್ಪಿಲ್ಲ, ಇನ್ನು ಒಪ್ಪಿಸುವ ಆಸೆಯೂ ನನಗಿಲ್ಲ. ನೀವು ಕೇಳಬೇಕಿದ್ದುದು ಆ ಎಸಿಗೆ ಕರೆಂಟ್ ಎಲ್ಲಿಂದ ಬರುತ್ತದೆ ಎಂದು.

ತಂಗುವ ತಾಣದ ಪ್ಲಗ್ಗಿನಿಂದಲೋ ವ್ಯಾನಿನ ಬ್ಯಾಟರಿಯಿಂದಲೋ ಬರುವುದಾದರೆ ಹಾಕಿಕೊಂಡು ಮಲಗಿ. ಎಂಜಿನ್ ಓಡಿಸಿಯೋ ಜನರೇಟರ್ ಹಚ್ಚಿಯೋ ಬರುವುದಾದರೆ ಖಂಡಿತ ಬೇಡ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ, ರಸ್ತೆ ಬದಿಗೆ ನಿಲ್ಲಿಸಿದ್ದ ಇಂಥದೇ ಕ್ಯಾರವಾನ್ ಒಳಗೆ ಇಬ್ಬರು ಸತ್ತು ಬಿದ್ದಿದ್ದರು. ಎಸಿ ಹಾಕಿಕೊಂಡಿದ್ದರು, ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಗ್ಗಿತ್ತು. ನೀವು ಹೊರಟಿರುವ ವಯನಾಡಿನ ಪಕ್ಕದ ಜಿಲ್ಲೆಯಲ್ಲೇ ನಡೆದದ್ದು ಇದು. ಸತ್ತವರಿಬ್ಬರೂ ದೊಡ್ಡವರು. ನಿಮ್ಮ ಎರಡು ವರ್ಷದ ಮಗ ನಿಮಗಿಂತ ಬೇಗ ಬೇಗ ಉಸಿರಾಡುತ್ತಾನೆ, ವಿಷವೂ ಅವನ ಮೈಗೆ ಅಷ್ಟೇ ಬೇಗ ಏರುತ್ತದೆ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಮಂಪರು. ನಿದ್ದೆಯಲ್ಲಿರುವವರಿಗೆ ಮಂಪರು ಹತ್ತಿದ್ದು ಗೊತ್ತಾಗುವುದಾದರೂ ಹೇಗೆ?

ಕೆಲವು ವರ್ಷಗಳ ಹಿಂದೆ ಜನವರಿಯ ಒಂದು ಬೆಳಗಿನ ಜಾವ ಒಂದು ಕುಟುಂಬ ಆಸ್ಪತ್ರೆಗೆ ಬಂದಿತ್ತು. ಮೂರು ವರ್ಷದ ಹುಡುಗಿ ಎರಡು ಸಲ ವಾಂತಿ ಮಾಡಿಕೊಂಡು ಅಪ್ಪನ ಹೆಗಲ ಮೇಲೆ ಜೋತುಬಿದ್ದಿದ್ದಳು. ರಾತ್ರಿ ತಿಂದ ಪರೋಟವೇ ಕಾರಣವೆಂದು ಅಪ್ಪನ ತೀರ್ಮಾನ. ಕೋವಿಡ್ ಕಾಲದಲ್ಲಿ ಕೊಂಡ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ಅವಳ ಬೆರಳಿಗೆ ಸಿಕ್ಕಿಸಿ, ‘ನೋಡಿ ಡಾಕ್ಟರೇ, 99 ಇದೆ’ ಎಂದು ನನಗೇ ಧೈರ್ಯ ಹೇಳಿದರು. ನಾನು ಅಜ್ಜಿಯತ್ತ ನೋಡಿದೆ. ಅವರು ಸೆರಗನ್ನು ಹಣೆಗೆ ಬಿಗಿದು ಕಟ್ಟಿಕೊಂಡಿದ್ದರು. ಅಮ್ಮನಿಗೂ ತಲೆ ಸಿಡಿಯುತ್ತಿತ್ತು. ಅದೇ ಪರೋಟ ತಿಂದು ಹೊರಗೆ ಟೆಂಟಿನಲ್ಲಿ ಮಲಗಿದ್ದ ಚಾಲಕ ಮಾತ್ರ ಆರಾಮವಾಗಿ ಚಹಾ ಕುಡಿಯುತ್ತಿದ್ದ. ಕೆದಕಿ ಕೇಳಿದಾಗ ವಿಷಯ ಹೊರಬಿತ್ತು: ಬಾರ್ಬೆಕ್ಯೂ ಮುಗಿದ ಮೇಲೆ ಉಳಿದ ಕೆಂಡವನ್ನು ಚಳಿಗೆಂದು ವ್ಯಾನಿನೊಳಗೆ ತಂದಿಟ್ಟು ಬಾಗಿಲು ಹಾಕಿಕೊಂಡಿದ್ದರು. ಎಲ್ಲರಿಗೂ ಆಕ್ಸಿಜನ್ ಹಾಕಿದೆವು. ಸಂಜೆಯ ಹೊತ್ತಿಗೆ ಹುಡುಗಿ ಬಿಸ್ಕತ್ತು ಕೇಳಿದಳು.

ಆಕ್ಸಿಮೀಟರಿನ 99 ಸುಳ್ಳು. ಆಮ್ಲಜನಕ ಹೊತ್ತ ರಕ್ತವೂ ಕೆಂಪು, ಕಾರ್ಬನ್ ಮಾನಾಕ್ಸೈಡ್ ಹೊತ್ತ ರಕ್ತವೂ ಕೆಂಪು, ಬೆರಳಿಗೆ ಸಿಕ್ಕಿಸುವ ಆ ಯಂತ್ರಕ್ಕೆ ಎರಡರ ಭೇದ ತಿಳಿಯುವುದಿಲ್ಲ. ಒಟ್ಟಿಗೆ ಮಲಗಿದವರಿಗೆಲ್ಲ ಒಟ್ಟಿಗೇ ತಲೆನೋವು ಬಂದರೆ ಹೋಟೆಲಿನವರನ್ನು ಬೈಯುವ ಮೊದಲು ಮಕ್ಕಳನ್ನು ಎತ್ತಿಕೊಂಡು ಹೊರಗೆ ಬನ್ನಿ, 108ಕ್ಕೆ ಕರೆ ಮಾಡಿ. ನಿಂಬೆ ಶರಬತ್ತು ಕುಡಿಸುತ್ತ ಕೂರಬೇಡಿ. ಬರೀ ಗಾಳಿಯಲ್ಲಿ ಉಸಿರಾಡುತ್ತಿದ್ದರೆ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರೆ ಒಂದೂವರೆ ಗಂಟೆಯ ಆಸುಪಾಸಿನಲ್ಲೇ ಇಳಿಯುತ್ತದೆ.

ಬೋಗುಣಿಯಲ್ಲಿ ನೀರಿಟ್ಟರೆ, ಈರುಳ್ಳಿ ಕತ್ತರಿಸಿಟ್ಟರೆ ವಿಷಗಾಳಿ ಹೀರಿಕೊಳ್ಳುತ್ತದೆ ಎಂದು ಒಬ್ಬರು ಬರೆದಿದ್ದಾರೆ. ಆ ಈರುಳ್ಳಿಯನ್ನು ಚಿತ್ರಾನ್ನಕ್ಕೆ ಹಾಕಿಕೊಳ್ಳಲಿ. ಮಗುವನ್ನು ಮೇಲಿನ ಹಾಸಿಗೆಯಲ್ಲಿ ಮಲಗಿಸಿದರೆ ಸಾಕೆಂದು ಇನ್ನೊಬ್ಬರು. ಕೆಳಗೆ ಕೂರುವುದು ಸೋರಿದ ಎಲ್‌ಪಿಜಿ. ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಕಡಿಮೆ ಗಾಳಿಯಷ್ಟೇ ತೂಕದ್ದು, ವ್ಯಾನ್ ತುಂಬ ಬೆರೆತುಹೋಗುತ್ತದೆ. ‘ನಮ್ಮ ವ್ಯಾನಿನಲ್ಲಿ ಅಲಾರಂ ಇದೆ’ ಎನ್ನುವವರು ಅದರ ಮೇಲೇನು ಬರೆದಿದೆ ಎಂದು ಓದಿ. ಹೊಗೆಯ ಅಲಾರಂ ಬೇರೆ, ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಎರಡೂ ಇದಕ್ಕೆ ಕೂಗುವುದಿಲ್ಲ. ಇಂಥ ವಾಹನಗಳಿಗೆಂದೇ ಇರುವ ಮಾನದಂಡ ಇಎನ್ 50291-2. ಅದು ನಮೂದಾಗಿರುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ನೀವೇ ಕೊಂಡೊಯ್ದು, ಮಲಗುವ ಜಾಗದ ಹತ್ತಿರ ಇಟ್ಟು, ಗುಂಡಿ ಒತ್ತಿ ಕೂಗಿಸಿ ನೋಡಿ. ಬಾಡಿಗೆ ಕೊಡುವವರ ಬಾಯಿಮಾತನ್ನು ನಂಬಬೇಡಿ. ಒಲೆ ಹೊರಗಿರಲಿ, ಕೆಂಡ ಆರಿದ ಮೇಲೂ ಹೊರಗೇ ಇರಲಿ. ಮಲಗುವಾಗ ಮೇಲಿನ ಗಾಳಿಗಂಡಿಯನ್ನು ಬಟ್ಟೆ ತುರುಕಿ ಮುಚ್ಚಬೇಡಿ.

ಇನ್ನೊಂದು ಮಾತು. ನಿಮ್ಮ ದಾರಿಯಲ್ಲಿ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ತಡವಾಗಿ ಹೋಗಿ, ಗೇಟು ತೆರೆಯುವವರೆಗೆ ಎಂಜಿನ್ ಓಡಿಸಿಕೊಂಡು ಮಕ್ಕಳನ್ನು ಒಳಗೆ ಮಲಗಿಸುವವರನ್ನು ಕಣ್ಣಾರೆ ಕಂಡಿದ್ದೇನೆ. ಗುಂಡ್ಲುಪೇಟೆಯಲ್ಲಿ ರೂಮುಗಳಿವೆ. ನನ್ನದು ಅತಿ ಭಯವೆಂದೇ ಇಟ್ಟುಕೊಳ್ಳಿ: ಎರಡು ವರ್ಷದ ಮಗುವಿದ್ದರೆ ನಾನಂತೂ ಹಗಲು ವ್ಯಾನಿನಲ್ಲಿ ಸುತ್ತಿ ರಾತ್ರಿ ರೂಮು ಹಿಡಿಯುತ್ತೇನೆ.

ವ್ಯಾನ್ ಓಡುವಾಗ ಮಗುವನ್ನು ಹಿಂದಿನ ಹಾಸಿಗೆಯಲ್ಲಿ ಮಲಗಿಸಬಹುದೆ? ಅಮ್ಮ ಪಕ್ಕದಲ್ಲೇ ಹಿಡಿದುಕೊಂಡಿರುತ್ತಾಳೆ.

ಬಾರದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ವ್ಯಾನ್ ಎಲ್ಲಾದರೂ ಗುದ್ದಿ ನಿಂತರೆ, ಬೆಲ್ಟ್ ಇಲ್ಲದ ಮಗುವಿಗೆ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮನೆಯ ತಾರಸಿಯಿಂದ ಬಿದ್ದಷ್ಟು ಪೆಟ್ಟಾಗುತ್ತದೆ. ಹನ್ನೆರಡು ಕಿಲೋ ತೂಕದ ಮಗುವನ್ನು ಆ ಕ್ಷಣದಲ್ಲಿ ಯಾವ ತಾಯಿಯ ತೋಳೂ ಹಿಡಿದಿಡಲಾರದು. ಮುಂದಕ್ಕೆ ಮುಖವಿರುವ ಸೀಟಿಗೆ ಮಕ್ಕಳ ಸೀಟನ್ನು ಬಿಗಿದು ಕೂರಿಸಿ. ಬೆಂಚಿನಂತೆ ಅಡ್ಡಕ್ಕಿರುವ ಸೀಟು ಅದಕ್ಕೆ ಆಗುವುದಿಲ್ಲ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1,000 ರೂಪಾಯಿ ದಂಡವೂ ಇದೆ. ಅಂದ ಹಾಗೆ, ಕಪಾಟಿನ ಮೇಲೆ ಸುಮ್ಮನೆ ಇಟ್ಟ ಕುಕ್ಕರ್ ಕೂಡ ಅದೇ ವೇಗದಲ್ಲಿ ಹಾರಿ ಬರುತ್ತದೆ.

ಘಾಟಿಯಲ್ಲಿ ಮಗಳು ವಾಂತಿ ಮಾಡಿಕೊಳ್ಳುತ್ತಾಳೆ. ದಿನಪತ್ರಿಕೆಯ ಮೇಲೆ ಕೂರಿಸಿದರೆ ನಿಲ್ಲುತ್ತದೆಯೆ?

ದಿನಪತ್ರಿಕೆಯಿಂದ ಸೀಟು ಉಳಿಯುತ್ತದೆ. ಕೈಯಿಂದ ಮೊಬೈಲ್ ಕಿತ್ತುಕೊಂಡು ದೂರದ ಬೆಟ್ಟ ತೋರಿಸಿ, ಹೊಟ್ಟೆ ಬಿರಿಯುವಷ್ಟು ತಿನ್ನಿಸಬೇಡಿ.

ಪ್ರಯಾಣದಲ್ಲಿ ಮಗು ನಿದ್ದೆ ಮಾಡಲೆಂದು ಔಷಧದ ಅಂಗಡಿಯವರು ಒಂದು ಸಿರಪ್ ಕೊಟ್ಟಿದ್ದಾರೆ.

ವಾಪಸ್ ಕೊಡಿ. ಮಂಪರು ತರಿಸುವ ಪ್ರೊಮೆಥಜೀನ್‌ನಂಥ ಔಷಧ ಎರಡು ವರ್ಷದೊಳಗಿನ ಮಕ್ಕಳ ಉಸಿರನ್ನೇ ಅಡಗಿಸಬಲ್ಲದು.

ಬೆಟ್ಟದ ಚಳಿಗೆ ಮಗುವಿನ ಕೊರಳಿಗೆ ಕರ್ಪೂರದ ಗಂಟು ಕಟ್ಟಬಹುದೆ?

ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ. ಚೂರು ಕರ್ಪೂರ ಹೊಟ್ಟೆಗೆ ಹೋದರೂ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಇದನ್ನು ಹೇಳಿಕೊಟ್ಟ ಪಂಡಿತರನ್ನೇ ಬೇಕಾದರೆ ಸ್ವೆಟರ್ ಹಾಕಿಸಿ ಜೊತೆಗೆ ಕರೆದೊಯ್ಯಿರಿ.

ಮಲೆನಾಡಿನಲ್ಲಿ ಇಂಬಳದ ಭಯ. ಏನು ಹಚ್ಚಬೇಕು?

ಇಂಬಳ ಮಳೆಗಾಲದ್ದು, ಉಗುರಿನಿಂದ ಜಾರಿಸಿ ತೆಗೆದರೆ ಮುಗಿಯಿತು. ನೀವು ಹೊರಟಿರುವ ಕಾಲದಲ್ಲಿ ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗು ಕಚ್ಚಿ ಹರಡುವಂಥದ್ದು, ಡಿಸೆಂಬರ್‌ನಿಂದ ಬೇಸಿಗೆ ಮುಗಿಯುವವರೆಗೆ ಅದರ ಕಾಲ. ಮಂಗ ಸತ್ತ ಸುದ್ದಿಯಿರುವ ಊರಿನಲ್ಲಿ ವ್ಯಾನ್ ನಿಲ್ಲಿಸಬೇಡಿ, ಮಕ್ಕಳನ್ನು ತರಗೆಲೆಯ ಮೇಲೆ ಉರುಳಾಡಲು ಬಿಡಬೇಡಿ. ಸಂಜೆ ಬಟ್ಟೆ ಬಿಚ್ಚಿ ಕಿವಿಯ ಹಿಂದೆ, ಕಂಕುಳು, ತೊಡೆಸಂದಿಯಲ್ಲಿ ಹುಡುಕಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೀಡಿಯ ಬೆಂಕಿ ಯಾವುದೂ ಬೇಡ.

ನಾಯಿಮರಿಯನ್ನೂ ಕರೆದುಕೊಂಡು ಹೋಗಬಹುದೆ?

ಪಶುವೈದ್ಯರನ್ನು ಕೇಳಿ.