ಸುಮ್ನೆ ಸ್ನೇಹದಿಂದ ಮಾತಾಡಿದರೂ ಗೇಮ್ ಅದನ್ನು ಫ್ಲರ್ಟ್ ಅಂತ ಯಾಕೆ ತಗೊಳ್ಳುತ್ತೆ?

ಬಾಲ್ಡರ್ಸ್ ಗೇಟ್ 3 ಅನ್ನೋ ವಿಡಿಯೋ ಗೇಮಿನಲ್ಲಿ, ನಮ್ಮ ಪಾತ್ರದ ಜೊತೆ ಪಯಣಿಸುವ ಮಾಂತ್ರಿಕ ಗೇಲ್ ಜೊತೆ ಫ್ರೆಂಡ್ ಥರ ಮಾತಾಡಿದ್ದಕ್ಕೆ ಅವನು ಪ್ರೀತಿ ಅಂದುಕೊಂಡ, ಮಾತಾಡಲು ಕೊಡುವ ಆಪ್ಷನ್‌ಗಳಲ್ಲಿ ಯಾವುದು ಫ್ಲರ್ಟ್ ಅಂತ ಮೊದಲೇ ತಿಳಿಯೋದು ಹೇಗೆ ಅಂತ ಕೇಳಿದ್ದೀರಿ. ತಪ್ಪು ನಿಮ್ಮದಲ್ಲ. ಆ ಗೇಮಿನಲ್ಲಿ ನೀವು ಆರಿಸುವ ಮಾತಿನ ಸಾಲು ಪೂರ್ತಿ ಕಾಣುತ್ತದೆ, ಆದರೆ ನಿಮ್ಮ ಪಾತ್ರ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ನೀವು ಸಲುಗೆಯಿಂದ ಓದಿಕೊಂಡ ಸಾಲನ್ನು ಬರೆದವರು ಒಲವಿನ ದನಿಯಲ್ಲಿ ಬರೆದಿರಬಹುದು, ಅದು ನಿಮಗೆ ಗೊತ್ತಾಗುವುದು ಎದುರಿನವರ ಮುಖ ನೋಡಿದ ಮೇಲೆ.

ನೀವು ಸಿಕ್ಕಿಹಾಕಿಕೊಂಡಿದ್ದು ಬಹುಶಃ ಗೇಲ್ ಮ್ಯಾಜಿಕ್ ಹೇಳಿಕೊಡುವ ರಾತ್ರಿ. ಪಾಠ ಮುಗಿಯುತ್ತಿದ್ದ ಹಾಗೆ ಮನಸ್ಸಲ್ಲಿ ಏನು ಕಲ್ಪಿಸಿಕೊಳ್ಳುತ್ತೀರಿ ಅಂತ ಆಪ್ಷನ್ ಬರುತ್ತದೆ. ಮುತ್ತು ಕೊಡುವುದು ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಕೈ ಹಿಡಿದು ನಡೆಯುವುದು ಮಾತ್ರ ತುಂಬಾ ಸಾಧುವಾಗಿ ಕಾಣುತ್ತದೆ, ಆದರೆ ಅದೂ ರೊಮ್ಯಾನ್ಸ್ ಕಡೆಗೇ ಹೋಗುತ್ತದೆ. ಇನ್ನೊಂದು ವಿಷಯ, 2023ರಲ್ಲಿ ಗೇಮ್ ಬಂದ ಹೊಸತರಲ್ಲಿ ಇದು ಇನ್ನೂ ಜಾಸ್ತಿ ಇತ್ತು. ಗೇಲ್‌ನಂಥ ಕಂಪ್ಯಾನಿಯನ್‌ಗಳು, ಅಂದರೆ ಜೊತೆಗಾರ ಪಾತ್ರಗಳು, ಮನಸೋಲಲು ಬೇಕಾದ ಅಪ್ರೂವಲ್ (ನಿಮ್ಮ ಬಗ್ಗೆ ಅವರಿಗಿರುವ ಮೆಚ್ಚುಗೆಯ ಅಂಕ) ಮಿತಿ ಬಗ್‌ನಿಂದಾಗಿ ತೀರಾ ಕಡಿಮೆ ಇತ್ತು ಅಂತ ಗೇಮ್ ಮಾಡಿದ ಲಾರಿಯನ್ ಕಂಪನಿಯ ಮುಖ್ಯಸ್ಥ ಸ್ವೆನ್ ವಿಂಕೆ ಅವರೇ ಹೇಳಿದ್ದರು, ಆಮೇಲೆ ಸರಿ ಮಾಡಿದರು.

ಈ ಗೊಂದಲ ಹಳೆಯದು. 2007ರ ಮಾಸ್ ಎಫೆಕ್ಟ್ ಗೇಮಿನಲ್ಲಿ ಮಾತಿನ ಆಪ್ಷನ್‌ಗಳನ್ನು ಜೋಡಿಸಿದ್ದ ಚಕ್ರದ ಮೇಲೆ ನಾಲ್ಕೈದು ಪದ ಮಾತ್ರ ಕಾಣುತ್ತಿತ್ತು, ನಾವು ಆಡುವ ಪಾತ್ರ ಶೆಪರ್ಡ್ ಬಾಯಲ್ಲಿ ಬರುತ್ತಿದ್ದ ಮಾತೇ ಬೇರೆ. ಶೆಪರ್ಡ್ ಹೆಣ್ಣಾಗಿದ್ದು, ಜೊತೆಗಾರರಾದ ಲಿಯಾರಾ ಜೊತೆಗೂ ಕೇಡನ್ ಜೊತೆಗೂ ಸುಮ್ನೆ ಒಳ್ಳೆಯದಾಗಿ ಮಾತಾಡುತ್ತಾ ಹೋದರೆ, ಇಬ್ಬರೂ ಎದುರು ನಿಂತು ನಮ್ಮಲ್ಲಿ ಯಾರು ಅಂತ ಕೇಳುವ ಸೀನ್ ಬರುತ್ತಿತ್ತು! 2011ರ ಡ್ರ್ಯಾಗನ್ ಏಜ್ 2 ಗೇಮಿನಲ್ಲಿ ಫ್ಲರ್ಟ್ ಸಾಲಿಗೆ ಹಾರ್ಟ್ ಗುರುತು ಹಾಕಿದರು. ಅದರಿಂದ ಮಜಾ ಹೋಯಿತು, ಎಲ್ಲಾ ಮೊದಲೇ ಗೊತ್ತಾಗಿಬಿಡುತ್ತೆ ಅಂತ ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ನಾನು ಏನು ಹೇಳಲು ಹೊರಟಿದ್ದೇನೆ ಅನ್ನುವುದು ಕಡೇಪಕ್ಷ ನನಗಾದರೂ ಗೊತ್ತಿರಬೇಕು, ಅಲ್ವಾ? ಎದುರಿನವರು ಅದಕ್ಕೆ ಏನಂತಾರೆ ಅನ್ನುವುದರಲ್ಲಿ ಬೇಕಾದಷ್ಟು ಕುತೂಹಲ ಉಳಿದೇ ಇರುತ್ತದೆ.

ನನಗೆ ನಿಜವಾಗಿ ಬೇಜಾರಾಗುವುದು ಗುರುತು ಇಲ್ಲದ್ದಕ್ಕಲ್ಲ, ಬೇಡ ಅಂದವರಿಗೆ ಗೇಮ್ ದಂಡ ಹಾಕುವುದಕ್ಕೆ. ಅದೇ ಡ್ರ್ಯಾಗನ್ ಏಜ್ 2ರಲ್ಲಿ ಆಂಡರ್ಸ್ ಅನ್ನೋ ಜೊತೆಗಾರ ತಾನಾಗಿಯೇ ಆಸೆ ತೋರಿಸುತ್ತಾನೆ, ಇಲ್ಲ ಅಂದರೆ ಪೈಪೋಟಿಯ ಪಾಯಿಂಟ್, ಅಂದರೆ ಅವನು ನಿಮ್ಮ ವಿರೋಧಿ ಆಗುವ ಕಡೆಗಿನ ಅಂಕ, ಬೀಳುತ್ತದೆ. ಅವನ ಕಷ್ಟ ಕೇಳಿಸಿಕೊಂಡಿದ್ದೀರಿ, ಜೊತೆಗೆ ನಿಂತಿದ್ದೀರಿ, ಪ್ರೀತಿ ಮಾತ್ರ ಬೇಡ ಅಂದರೆ ಅದು ಜಗಳದ ಲೆಕ್ಕಕ್ಕೆ ಹೋಗಬಾರದು. ಈ ವಿಷಯದಲ್ಲಿ ಬಾಲ್ಡರ್ಸ್ ಗೇಟ್ 3 ಎಷ್ಟೋ ವಾಸಿ. ಗೇಲ್‌ಗೆ ನೇರವಾಗಿ ನಾವು ಸ್ನೇಹಿತರಾಗಿಯೇ ಇರೋಣ ಅಂದರೆ ಅವನು ಸ್ನೇಹ ಬಿಟ್ಟು ಹೋಗುವುದಿಲ್ಲ, ಅವನ ಕಥೆಯೂ ನಿಲ್ಲುವುದಿಲ್ಲ. ಹಾಗಾಗಿ ಈಗಲೂ ತಡವಾಗಿಲ್ಲ, ಮುಂದಿನ ಸಲ ಅವನು ಆ ಮಾತೆತ್ತಿದಾಗ ಹೇಳಿಬಿಡಿ.

ಆಪ್ಷನ್ ಆರಿಸುವಾಗ ನಾನು ನೋಡುವುದು ಒಂದೇ: ಈ ಸಾಲು ಅವರ ಕಥೆಯ ಬಗ್ಗೆ ಇದೆಯಾ, ಅವರ ರೂಪದ ಬಗ್ಗೆ ಅಥವಾ ನಮ್ಮಿಬ್ಬರ ಬಗ್ಗೆ ಇದೆಯಾ? ಗೇಲ್‌ನ ಎದೆಯೊಳಗಿನ ಮಾಟದ ಬಗ್ಗೆ ಎಷ್ಟು ಕೇಳಿದರೂ ಅದು ಕಾಳಜಿಯೇ. ನಿನ್ನ ಜೊತೆ ಹೀಗೆ ಒಬ್ಬಳೇ ಇರೋದು ಚೆನ್ನಾಗಿದೆ ಅನ್ನುವಂಥ ಸಾಲು ಬಂದರೆ ಅನುಮಾನ ಪಡಿ. ಸ್ಕ್ರೀನ್ ಮೇಲೆ ಬರುವ ಅಪ್ರೂವಲ್ ಸೂಚನೆ ನೋಡಿ ಮಾತ್ರ ಹೆದರಬೇಡಿ, ದಾರಿಯಲ್ಲಿ ಯಾರಿಗೋ ಸಹಾಯ ಮಾಡಿದರೂ ಅದು ಬರುತ್ತದೆ. ಇಂಥ ಸೀನ್‌ಗಳು ಹೆಚ್ಚಾಗಿ ಕ್ಯಾಂಪ್‌ನಲ್ಲಿ ರಾತ್ರಿಯೇ ನಡೆಯುವುದರಿಂದ, ಲಾಂಗ್ ರೆಸ್ಟ್‌ಗೆ (ಕ್ಯಾಂಪ್‌ನಲ್ಲಿ ರಾತ್ರಿ ಮಲಗುವುದಕ್ಕೆ) ಮೊದಲು ಕೀಬೋರ್ಡ್‌ನಲ್ಲಿ ಎಫ್5 ಒತ್ತಿ ಸೇವ್ ಮಾಡಿಕೊಳ್ಳಿ. ಮಾತು ಎಲ್ಲೋ ಹೋಯಿತು ಅನ್ನಿಸಿದರೆ ಎಫ್8 ಒತ್ತಿದರಾಯಿತು, ಸೇವ್ ಮಾಡಿದ ಕಡೆಗೆ ವಾಪಸ್ ಹೋಗುತ್ತೀರಿ.