ಥಂಡಿಗೆ ಹೆದರಿದ ಮನೆ: ನಾಲ್ಕು ವರ್ಷದ ಹುಡುಗನ ಪ್ರಕರಣ

ಇದು ನನ್ನ ಹತ್ತಿರ ಸಲಹೆ ಕೇಳಿ ಬಂದ, ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ಒಂದು ಕುಟುಂಬ. ಮನೆಮಾತು ಕನ್ನಡ, ಹೊರಗಿನ ವ್ಯವಹಾರವೆಲ್ಲ ಮರಾಠಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಸಂಗು ಎಂದು ಕರೆಯೋಣ. ಅವನಿಗೆ ನಾಲ್ಕು ತುಂಬಿದೆ.

ತಾಯಿಯ ದೂರು ಇಷ್ಟು. ಪೆನ್ಸಿಲ್ ಹಿಡಿಯುವುದಿಲ್ಲ, ಒಂದು ಕಡೆ ಕೂರುವುದಿಲ್ಲ, ಮೊಬೈಲ್ ಕಸಿದುಕೊಂಡರೆ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ದೀಪಾವಳಿ ಮುಗಿದ ಮೇಲೆ ಅಂಗನವಾಡಿಗೂ ಕಳಿಸಿಲ್ಲ. "ಬಾಯಿಯವ್ರು ಅಕ್ಷರ ಕಲಿಸೂದಿಲ್ರಿ, ಬಯಲಾಗ ಮಣ್ಣಾಗ ಆಡಸ್ತಾರ. ಮ್ಯಾಲ ಥಂಡಿ ಬ್ಯಾರೆ."

ಡಿಸೆಂಬರ್ ತಿಂಗಳು, ಹನ್ನೊಂದು ಗಂಟೆಯ ಬಿಸಿಲು. ಸಂಗು ಎರಡು ಸ್ವೆಟರ್ ಹಾಕಿಕೊಂಡು, ಕಿವಿ ಮುಚ್ಚುವ ಟೊಪ್ಪಿಗೆ ಕಟ್ಟಿಕೊಂಡು ಕೂತಿದ್ದ. ಕತ್ತಿನ ಹಿಂದೆ ಕೈಯಿಟ್ಟು ನೋಡಿದರೆ ಬೆವರಿನಿಂದ ಒದ್ದೆ. ನಮ್ಮ ಕಡೆ ಈ ತಿಂಗಳು ಬೆಳಗಿನ ಜಾವ 15 ಡಿಗ್ರಿ ಆಸುಪಾಸು ಇರುತ್ತದೆ, ಮಧ್ಯಾಹ್ನ 30ರ ಹತ್ತಿರ ಹೋಗುತ್ತದೆ. ಬೆಳಗ್ಗೆ ಹಾಕಿದ ಬಟ್ಟೆಯನ್ನು ಹೊತ್ತು ಏರಿದಂತೆ ಒಂದೊಂದಾಗಿ ತೆಗೆಯಬೇಕು, ಅಲ್ವಾ? ಬೆವರಿ ಒದ್ದೆಯಾದ ಬಟ್ಟೆ ಮೈಗೆ ಅಂಟಿದರೇ ಮಗು ಜಾಸ್ತಿ ನಡುಗುತ್ತದೆ.

ಕೇಳುತ್ತಾ ಹೋದಂತೆ ಮೂಲ ಸಿಕ್ಕಿತು. ಹೋದ ಚಳಿಗಾಲದಲ್ಲಿ ಸಂಗುಗೆ ನ್ಯುಮೋನಿಯಾ ಆಗಿ ದವಾಖಾನೆಗೆ ಸೇರಿಸಿದ್ದರು, ಆಕ್ಸಿಜನ್ ಕೊಟ್ಟಿದ್ದರು. ಅದನ್ನು ಹೇಳುವಾಗ ತಾಯಿ ಮಗನ ಟೊಪ್ಪಿಗೆಯ ದಾರ ಬಿಗಿ ಮಾಡುತ್ತಲೇ ಇದ್ದರು. ಮಗುವಿನ ಉಸಿರು ಸಿಕ್ಕಿಕೊಂಡದ್ದನ್ನು ಕಣ್ಣಾರೆ ಕಂಡವರಿಗೆ "ಏನೂ ಆಗೂದಿಲ್ಲ ಬಿಡ್ರಿ" ಎಂದರೆ ನೋವಾಗುತ್ತದೆಯೇ ಹೊರತು ಧೈರ್ಯ ಬರುವುದಿಲ್ಲ. ಹಾಗಾಗಿ ಮಗನ ಹಟದ ಮಾತು ಬದಿಗಿಟ್ಟು ಮೊದಲು ಅವರ ಹೆದರಿಕೆಯ ಬಗ್ಗೆ ಮಾತಾಡಿದೆವು.

ಅವನ ಒಂದು ದಿನ ಹೇಗೆ ಕಳೆಯುತ್ತದೆ ಎಂದು ಗಂಟೆ ಗಂಟೆಯ ಲೆಕ್ಕ ಕೇಳಿದೆ. ಬೆಳಗ್ಗೆ ಎದ್ದವನನ್ನು ಬೆಚ್ಚಗಿರಲಿ ಎಂದು ನೀರೊಲೆಯ ಮುಂದೆ ಕೂರಿಸುತ್ತಾರೆ. ಥಂಡಿ ಗಾಳಿ ಬಾರದಂತೆ ಬಾಗಿಲು ಮುಚ್ಚಿರುತ್ತದೆ, ಒಳಗೆ ತೊಗರಿಕಟ್ಟಿಗೆಯ ಹೊಗೆ. ನನಗೆ ಭಯವಾಗಿದ್ದು ಇಲ್ಲಿ. ಐದು ವರ್ಷದೊಳಗಿನ ಮಕ್ಕಳಿಗೆ ಒಲೆಯ ಹೊಗೆಯಿಂದ ನ್ಯುಮೋನಿಯಾ ಆಗುವ ಅಪಾಯ ಹೆಚ್ಚುತ್ತದೆ. ನೆಗಡಿ ಬರುವುದು ವೈರಸ್‌ನಿಂದ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದು ಒಬ್ಬರಿಂದ ಒಬ್ಬರಿಗೆ ಬೇಗ ಹರಡುತ್ತದೆ, ಬಯಲಲ್ಲಿ ಕಡಿಮೆ. ಮಗನನ್ನು ಉಳಿಸಿಕೊಳ್ಳಲು ಆ ತಾಯಿ ಪಡುತ್ತಿದ್ದ ಕಷ್ಟವೇ ಅವನನ್ನು ಹೊಗೆಯ ಹತ್ತಿರ ಕೂರಿಸಿತ್ತು. ಇದನ್ನು ತಪ್ಪು ಹೊರಿಸದೆ, ನಿಧಾನಕ್ಕೆ ಹೇಳಬೇಕಾಯಿತು.

ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ ಬನ್ನಿ ಎಂದೆ. ಎದೆ ಸ್ವಚ್ಛ ಇದೆ, ದಮ್ಮು ಇಲ್ಲ, ಹೊರಗೆ ಆಡಲು ಅಡ್ಡಿಯಿಲ್ಲ ಎಂದು ಅವರು ಹೇಳಿದ ಮೇಲೆಯೇ ಮುಂದಿನ ಮಾತು. ಉಸಿರು ಎಣಿಸುವುದನ್ನೂ ತಾಯಿಗೆ ತೋರಿಸಿಕೊಟ್ಟೆ. ಈ ವಯಸ್ಸಿನ ಮಗು ಸುಮ್ನೆ ಮಲಗಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಿ. 40 ಅಥವಾ ಹೆಚ್ಚು ಬಂದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಯ ಕೆಳಗೆ ಒಳಕ್ಕೆ ಎಳೆದರೆ ಅವತ್ತೇ ದವಾಖಾನೆಗೆ ಹೋಗಿ. ಅಳತೆ ಕೈಗೆ ಸಿಕ್ಕ ಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು.

ಉಳಿದದ್ದು ಅಕ್ಷರದ ಚಿಂತೆ. ಒಂದನೇ ತರಗತಿಗೆ ಇನ್ನೂ ಸಮಯವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ 3ರಿಂದ 8 ವರ್ಷದವರೆಗೆ ಆಟದ ಮೂಲಕ ಕಲಿಕೆ ಎನ್ನುತ್ತದೆ. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ, "ಹಳ್ಳಿ ಪೋರಗೋಳ ಆಟ" ಎಂದರು. ಅವರಿಗೆ ಇದೇ ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಅವರ ಬಗ್ಗೆ ಹೇಳಿದೆ. 1945ರಲ್ಲಿ ಬೋರ್ಡಿ ಎಂಬ ಊರಲ್ಲಿ ಬಾಲವಾಡಿ, ಅಂದರೆ ಪುಟ್ಟ ಮಕ್ಕಳ ಶಾಲೆ ಶುರುಮಾಡಿದವರು, ಮಕ್ಕಳಿದ್ದ ಅಂಗಳಕ್ಕೇ ಹೋಗಿ ಸುತ್ತ ಸಿಗುವ ವಸ್ತುಗಳಿಂದಲೇ ಕಲಿಸಿದವರು.

ಅಷ್ಟರಲ್ಲಿ ಸಂಗು ನಮ್ಮ ಅಂಗಳಕ್ಕೆ ಇಳಿದಿದ್ದ. ಕಲ್ಲು ಆರಿಸಿ ಸಾಲಾಗಿ ಇಡುತ್ತಿದ್ದ: ದೊಡ್ಡದು, ಅದಕ್ಕಿಂತ ಸಣ್ಣದು, ಇನ್ನೂ ಸಣ್ಣದು. ಒಂದು ಕಲ್ಲು ಸಾಲಿಗೆ ಸರಿಹೋಗಲಿಲ್ಲ. ತೆಗೆದ, ಎರಡರ ಮಧ್ಯೆ ಇಟ್ಟು ನೋಡಿದ, ಮತ್ತೆ ತೆಗೆದ. ಕೂರುವುದೇ ಇಲ್ಲ ಎಂದು ತಾಯಿ ದೂರಿದ್ದ ಹುಡುಗ ತಲೆ ಎತ್ತಲಿಲ್ಲ. ನೋಡಿ, ಗಣಿತ ಶುರುವಾಗಿದೆ ಎಂದೆ.

ಪೆನ್ಸಿಲ್‌ಗೆ ಬೇಕಾದ ಬೆರಳಿನ ಬಲ ಸೇಂಗಾ ಸುಲಿಯುವುದರಿಂದ, ಎರೆಮಣ್ಣು ಕಲಸಿ ಎತ್ತು ಮಾಡುವುದರಿಂದ ಬರುತ್ತದೆ. ಚಳಿಗಾಲದ ಬೆಳಗ್ಗೆ ನೆರಳು ಉದ್ದ ಬೀಳುತ್ತದೆ, ಒಬ್ಬರ ನೆರಳು ಒಬ್ಬರು ತುಳಿಯುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಒಂಬತ್ತಕ್ಕೆ ಒಂದು ಗೆರೆ, ಮಧ್ಯಾಹ್ನ ಒಂದು ಗೆರೆ ಎಳೆದರೆ ನೆರಳು ಕುಗ್ಗಿದ್ದು ಮಗುವಿಗೇ ಕಾಣುತ್ತದೆ. ಜೋಳದ ಕಣಿಕೆಯ (ದಂಟಿನ) ಬೆಂಡಿನಿಂದ ಬಂಡಿ ಮಾಡಬಹುದು, ಆದರೆ ಸಿಪ್ಪೆಯ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಅದನ್ನು ದೊಡ್ಡವರೇ ಸುಲಿದುಕೊಡಬೇಕು. ಸೇಂಗಾ ಕಾಳು, ಬಾರಿಹಣ್ಣಿನ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ, ಮಕ್ಕಳು ಮೂಗಿಗೂ ತುರುಕಿಕೊಳ್ಳುತ್ತಾರೆ. ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಆ ಒಬ್ಬರು ಯಾರು? ನಾನು ಆಯಿಯನ್ನು, ಅಂದರೆ ಸಂಗುನ ಅಜ್ಜಿಯನ್ನು ಕೇಳಿದೆ. ಥಂಡಿಯ ಹೆದರಿಕೆ ಅವರಿಗೇ ಹೆಚ್ಚು. ಆದರೆ ಬೆಂಡಿನ ಬಂಡಿ ಕಟ್ಟುವುದು ಮನೆಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. "ನಾ ಕುಂದರ್ತೀನ್ರಿ, ಬಿಸಲು ಬಿದ್ದಮ್ಯಾಲ" ಎಂದರು. ಅಲ್ಲಿಂದ ಲೆಕ್ಕ ಶುರು. ಮೊದಲ ವಾರ ಒಂಬತ್ತರ ನಂತರ ಮನೆಯ ಅಂಗಳದಲ್ಲಿ ಅರ್ಧ ಗಂಟೆ, ಆಮೇಲೆ ಒಂದು ಗಂಟೆ, ಆಮೇಲೆ ಅಂಗನವಾಡಿ. ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಒಟ್ಟು 180 ನಿಮಿಷ ಓಡಾಡಬೇಕು, ಪರದೆಯ ಮುಂದೆ ಕೂರುವುದು ಒಂದು ಗಂಟೆ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಮಟ್ಟ ಮುಟ್ಟಲು ಅವಸರ ಬೇಡ ಎಂದೆ.

ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆ ಹಬ್ಬಕ್ಕೆ) ಎಲ್ಲರೂ ಹೊಲಕ್ಕೆ ಹೋಗಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಸಂಗು ಅಂಗನವಾಡಿಗೆ ಹೋಗತೊಡಗಿದ. ನೀರೊಲೆಯನ್ನು ಹಿತ್ತಲಿಗೆ ಸಾಗಿಸಿದ್ದಾರೆ. ಹಗಲು ಮೊಬೈಲ್ ಕೇಳುವುದು ಕಡಿಮೆಯಾಗಿದೆ. ರಾತ್ರಿ ಊಟದ ಹೊತ್ತಿಗೆ ಮಾತ್ರ ಇನ್ನೂ ಮೊಬೈಲ್ ಬೇಕು ಎನ್ನುತ್ತಾನೆ. ಕೊಡುವವರು ತಂದೆ, ಮುಂದಿನ ಸಲ ಅವರನ್ನೂ ಕರೆತರಲು ತಾಯಿಗೆ ಹೇಳಿದ್ದೇನೆ.