ಪಲ್ಪರ್ ರಿಪೇರಿ ಇಷ್ಟ, ಅಪ್ಪನಿಗೆ ಕಂಪ್ಯೂಟರ್ ಸೈನ್ಸೇ ಬೇಕು!

ಪ್ರಶ್ನೆ: ದ್ವಿತೀಯ ಪಿಯುಸಿಯಲ್ಲಿದ್ದೇನೆ. ತೋಟದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಕೆಟ್ಟರೆ ಬಿಚ್ಚಿ ಸರಿ ಮಾಡುವುದು ನಾನೇ. ಮೆಕ್ಯಾನಿಕಲ್ ಆಸೆ, ಅಪ್ಪ ಒಪ್ಪುತ್ತಿಲ್ಲ. ರಾತ್ರಿ ಓದಲು ಕೂತರೆ ನಿದ್ದೆ ಬೇರೆ.
– ಓದುಗ, ಸೋಮವಾರಪೇಟೆ

ಉತ್ತರ: ಮೆಕ್ಯಾನಿಕಲ್ ಅಂದ್ರೆ ಬರೀ ಸ್ಪ್ಯಾನರ್ ಹಿಡಿಯುವುದಲ್ಲ, ಥರ್ಮೋಡೈನಮಿಕ್ಸ್ ಇದೆ, ಫ್ಲೂಯಿಡ್ ಮೆಕ್ಯಾನಿಕ್ಸ್ ಇದೆ, ಗಣಿತವಂತೂ ಬೆನ್ನು ಬಿಡುವುದಿಲ್ಲ, ಎರಡೂ ಬ್ರಾಂಚಿನ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಲಬಸ್ಸನ್ನು ಅಪ್ಪನ ಜೊತೆ ಕೂತು ನೋಡಿ, ಆಮೇಲೆ ವಾದ ಮಾಡಿ. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಸೀನಿಯರ್‌ಗಳನ್ನೇ ಕೇಳಿ. ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕವೂ ಅರ್ಧ ಲೆಕ್ಕ, ಮರೀಬೇಡಿ. ನಿದ್ದೆ ಬಂದರೆ ಮಲಗಿ, ಸುಮ್ನೆ ಯಾಕೆ ಒದ್ದಾಟ? ನಸುಕಿಗೆ ಎದ್ದು, ಗಡಿಯಾರ ಎದುರಿಗಿಟ್ಟು, ಸಿಇಟಿ ಪತ್ರಿಕೆಯ ಹಾಗೇ 80 ನಿಮಿಷಕ್ಕೆ 60 ಪ್ರಶ್ನೆ ಬಿಡಿಸಿ. ಮಳೆಗಾಲದಲ್ಲಿ ಕರೆಂಟ್ ನಂಬಿ ರಾತ್ರಿಗೆ ಓದು ಉಳಿಸಿಕೊಳ್ಳುವುದು ನಮ್ಮ ಕೊಡಗಿನಲ್ಲಿ ಹೇಗೂ ಆಗದ ಮಾತು, ಅಲ್ವಾ?